ತಂಪು ಕೋಣೆಯ ಕೂಸು

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಯಾರಿಗೆ ಹೆರಿಗೆಯಾದರೂ, ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ದುರ್ಗಕ್ಕನಿಗೆ ಕರೆ ಬರುತ್ತಿತ್ತು. ಆಕೆ ಬಂದು ಕೂಸಿಗೆ ಎಣ್ಣೆ ತಿಕ್ಕಿ, ಚಾಚಿದ ಕಾಲುಗಳ ಮೇಲೆ ಹಾಕಿಕೊಂಡು ಎರೆದು, ಲೋಬಾನದ ಹೊಗೆ ಹಿಡಿದು, ಅರಿವೆಯಲ್ಲಿ ಸುತ್ತಿ ಮಲಗಿಸಿದರೆ ಆ ಕೂಸು ಮೂರು ತಾಸು ಮಿಸುಕುತ್ತಿರಲಿಲ್ಲ. ಮೂವತ್ತು ವರ್ಷದಿಂದ ಹೀಗೆ ಎರೆಸಿಕೊಂಡ ಕೂಸುಗಳಲ್ಲಿ ಕೆಲವು ಈಗ ಬೈಕು ಓಡಿಸುತ್ತವೆ, ಕೆಲವು ತಾವೇ ಹೆತ್ತು ಮತ್ತೆ ದುರ್ಗಕ್ಕನನ್ನೇ ಕರೆಸುತ್ತವೆ. ದುರ್ಗಕ್ಕನ ಹತ್ತಿರ ಹೊಲ ಇರಲಿಲ್ಲ, ಓದು ಇರಲಿಲ್ಲ. ಇದ್ದದ್ದು ಎರಡು ಕೈ, ಆ ಕೈಗಳಿಗೆ ಒಂದು ಹೆಸರು.

ಅಂಥ ದುರ್ಗಕ್ಕನಿಗೆ ಸ್ವಂತ ಮೊಮ್ಮಗಳನ್ನು ಮಲಗಿಸಲು ಬರುವುದಿಲ್ಲ ಎಂದು ಸೊಸೆಗೆ ಅನ್ನಿಸಿತು. ಪಲ್ಲವಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಬಾಯಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು, ಕಾಗದದ ಜೊತೆ ಏನು ಜಗಳ?

"ಏನು ಬರದಾಳ್ರಿ ಅದ್ರಾಗ?" ಎಂದು ದುರ್ಗಕ್ಕ ಗಂಡನನ್ನು ಕೇಳಿದಳು.

ಹನುಮಣ್ಣ ಕನ್ನಡಕ ಏರಿಸಿ ಓದಿದ. "ಏಸಿ ಇಪ್ಪತ್ತಾರಕ್ಕ ಇಡ್ರಿ. ಬಾಗಿಲಾ ಮುಚ್ಚಿರ್ರಿ. ಕೂಸಿಗೆ ಉದ್ದ ತೋಳಿಂದು ಒಂದ ಹತ್ತಿ ಅಂಗಿ, ಒಂದು ತೆಳ್ಳನ ಪೈಜಾಮ. ತೆಲಿಗೆ ಏನೂ ಬ್ಯಾಡ. ಮಕದ ಹತ್ರ ಕೌದಿ, ದಿಂಬು, ಸಡ್ಲ ಅರಿವಿ ಬ್ಯಾಡ. ಕೈಕಾಲು ತಣ್ಣಗಿದ್ರ ಅಂಜಬ್ಯಾಡ್ರಿ. ಕುತ್ತಿಗಿ ಹಿಂದ ಮುಟ್ಟಿ ನೋಡ್ರಿ. ಬೆಚ್ಚಗಿದ್ರ ಸಾಕು. ಬೆವರಿದ್ರ ಒಂದು ಅರಿವಿ ತಗೀರಿ."

"ಅಷ್ಟ?"

"ಕೆಳಗ ಒಂದು ಗೀಟು ಎಳದಾಳ."

"ಗೀಟು ಯಾಕ?"

"ಇನ್ನ ಮ್ಯಾಲ ಮಾತಾಡಬ್ಯಾಡ್ರಿ ಅಂತ ಇರಬೇಕು," ಎಂದು ಹನುಮಣ್ಣ ನಕ್ಕ. ದುರ್ಗಕ್ಕ ನಗಲಿಲ್ಲ.

ಏಸಿ ಬಂದದ್ದು ಕೂಸಿಗಾಗಿ ಅಲ್ಲ. ಮಗ ಪ್ರವೀಣ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಮೂರು ವಾರಕ್ಕೊಮ್ಮೆ ರಾತ್ರಿ ಪಾಳಿ. ಕುಲುಮೆಯ ಮುಂದೆ ರಾತ್ರಿಯೆಲ್ಲ ಬೆಂದು ಬಂದವನು ಹಗಲು ಮಲಗಬೇಕು, ಮಾರ್ಚ್ ಬಂತೆಂದರೆ ಊರೇ ಕುಲುಮೆ. ಅದಕ್ಕೆ ಒಳಕೋಣೆಗೆ ಏಸಿ ಹಾಕಿಸಿದ. ಪಲ್ಲವಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್. ಹೆರಿಗೆ ರಜೆ ಮುಗಿದು ಅವಳು ಕೆಲಸಕ್ಕೆ ಹೊರಟಾಗ ಮಗಳು ಸಮತಾಗೆ ನಾಲ್ಕು ತಿಂಗಳು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕೂಸು ಅಜ್ಜಿಯ ಕೈಗೆ, ತಂಪು ಕೋಣೆಗೆ ಬಂತು.

ಪಲ್ಲವಿ ಹೊರಡುವ ಮುಂಚಿನ ಎರಡು ತಾಸು ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ದುರ್ಗಕ್ಕ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ, ಅಂಚು ಒತ್ತಿ, ಉಬ್ಬಿದ್ದನ್ನು ಹಾಗೇ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಒಂದು ದಿನ ಪಕ್ಕದಲ್ಲಿ ಪಲ್ಲವಿ ಡಬ್ಬಿಗೆ ಪುಂಡಿಪಲ್ಯ ತುಂಬುತ್ತ, ಒಂದು ರೊಟ್ಟಿ ತಿರುವಲು ಹೋಗಿ ಬೆರಳು ಬಾಯಿಗೆ ಇಟ್ಟುಕೊಂಡಳು.

"ಅತ್ತಿ, ನಿಮಗ ಸುಡಂಗಿಲ್ಲೇನ್ರಿ?"

"ರೊಟ್ಟಿ ಬಡಿಯೋ ಕೈಯವ್ವ ಇದು. ಮೂವತ್ತು ವರ್ಸ ಬಡಿ, ನಿನಗೂ ಸುಡಂಗಿಲ್ಲ."

"ಆ ಕೈಲೆ ಒಂದು ಏಟು ತಿಂದ್ರ ಗೊತ್ತಾಗತೈತಿ," ಎಂದು ಹನುಮಣ್ಣ ಹೊರಗಿನಿಂದ ಹೇಳಿದ. "ನಾ ತಿಂದು ನೋಡೀನಿ."

ಆಗ ಮೂವರೂ ನಕ್ಕರು. ಆ ಮನೆಯಲ್ಲಿ ಅತ್ತೆ ಸೊಸೆ ಸೇರಿ ನಕ್ಕದ್ದು ಅದೇ ಕೊನೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕಾಗದದ ಮಾತು ದುರ್ಗಕ್ಕನ ತಲೆಗೆ ಇಳಿಯಲಿಲ್ಲ. ಆ ಕೋಣೆಗೆ ಹೋದರೆ ಅವಳ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು ಅನ್ನುತ್ತಿತ್ತು, ಅಂಗಾಲು ಜೋಮು ಹಿಡಿಯುತ್ತಿತ್ತು. ಏಸಿಯ ತಂಪಿಗೆ ದೊಡ್ಡವಳಾದ ನನಗೇ ಹೀಗಾದರೆ ಎಳೆಗೂಸಿಗೆ ಹೇಗಾಗಬೇಡ ಅಂದುಕೊಂಡಳು. ಕೂಸಿನ ಪಾದ ಕೆನ್ನೆಗೆ ಒತ್ತಿ ನೋಡಿದರೆ ತಣ್ಣಗೆ. ಪಾದ ತಣ್ಣಗಿರುವ ಕೂಸನ್ನು ಒಂದು ಅಂಗಿಯಲ್ಲಿ ಮಲಗಿಸಲು ಅವಳ ಜೀವ ಒಪ್ಪಲಿಲ್ಲ.

ಏಪ್ರಿಲ್ ಮೊದಲ ಭಾನುವಾರ ಪಲ್ಲವಿ ಬಟ್ಟೆ ಒಗೆದು ಒಳಗೆ ಬಂದಾಗ ಕೂಸು ಫ್ಲಾನಲ್ ಅಂಗಿ, ಸ್ವೆಟರ್, ಸಾಕ್ಸು ಹಾಕಿಕೊಂಡು, ತಲೆಯಿಂದ ಬೆನ್ನವರೆಗೆ ಇಳಿಬಿದ್ದ ಕುಂಚಿಗೆ ಕಟ್ಟಿಸಿಕೊಂಡು ಮಲಗಿತ್ತು. ಪಲ್ಲವಿ ಕುಂಚಿಗೆಯ ಕೆಳಗೆ ಬೆರಳಿಟ್ಟಳು.

"ಅತ್ತಿ, ಇಲ್ಲಿ ಬರ್ರಿ. ಕುತ್ತಿಗಿ ಮುಟ್ಟಿ ನೋಡ್ರಿ, ಹೆಂಗ ಬೆವರಾಕತ್ತೈತಿ."

ದುರ್ಗಕ್ಕ ಬಂದು ಬೆರಳಿಟ್ಟಳು. ಸರಿಯಾಗಿ, ಸಾವಕಾಶವಾಗಿ ಮುಟ್ಟಿದಳು.

"ಎಲ್ಲಿ ಬೆವರು? ಒಣಾ ಐತಲ್ಲ."

ಪಲ್ಲವಿ ತನ್ನ ಬೆರಳನ್ನು ಅತ್ತೆಯ ಮುಖದ ಮುಂದೆ ಹಿಡಿದಳು. ಬೆರಳು ಹೊಳೆಯುತ್ತಿತ್ತು. "ಇದೇನ್ರಿ ಮತ್ತ?"

"ನೀ ಈಗ ಅರಿವಿ ಒಗದು ಬಂದಿ. ನಿನ್ನ ಕೈನ ಒದ್ದಿ ಐತಿ."

"ಅತ್ತಿ, ಹಟಕ್ಕ ಬಿದ್ದು ಸುಳ್ಳು ಹೇಳಬಾರ್ದ್ರಿ."

ದುರ್ಗಕ್ಕ ಬೆರಳು ಹಿಂದೆ ತೆಗೆದುಕೊಂಡಳು. ಅರವತ್ತೊಂದು ವರ್ಷದಲ್ಲಿ ಅವಳನ್ನು ಬಡವಿ ಅಂದವರಿದ್ದರು, ಬಾಯಿಬಡಕಿ ಅಂದವರಿದ್ದರು. ಕೂಸಿನ ವಿಷಯದಲ್ಲಿ ಸುಳ್ಳಿ ಅಂದವರು ಒಬ್ಬರೂ ಇರಲಿಲ್ಲ.

"ಮುಟ್ಟಿ ಹೇಳೀನಿ ನಾನು. ನನ್ನ ಕೈಗೆ ಒಣಾ ಹತ್ತೇತಿ."

"ಅಂದ್ರ ನಂದು ಸುಳ್ಳೇನ್ರಿ?"

"ನಿಂದು ನಿನಗ, ನಂದು ನನಗ."

ಅಲ್ಲಿಂದ ಮೂರು ದಿನ ಅತ್ತೆ ಸೊಸೆಯ ನಡುವೆ ಮಾತಿಲ್ಲ. ಎಲ್ಲ ಮಾತೂ ಹನುಮಣ್ಣನ ಮೂಲಕ ಹೋಗುತ್ತಿತ್ತು. "ಮಾವ, ಅನ್ನಕ್ಕ ಅಕ್ಕಿ ಎಷ್ಟು ಹಾಕಬೇಕು ಕೇಳ್ರಿ." "ದಿನಾ ಹಾಕೋವಷ್ಟು ಹಾಕಂತ ಹೇಳ್ರಿ." ಒಂದೇ ಅಡುಗೆಮನೆಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ನಿಂತು ಹೀಗೆ ಮಾತಾಡುವಾಗ ಹನುಮಣ್ಣ ಹೊಸಲಿನ ಮೇಲೆ ಕುಳಿತು, "ನನಗೊಂದು ಸಂಬಳ ಮಾಡ್ರಿ," ಅನ್ನುತ್ತಿದ್ದ.

ಪ್ರವೀಣ ಊಟ ಮಾಡುವಾಗ ತಾಯಿಯ ಹತ್ತಿರ ಮಾತು ತೆಗೆದ.

"ಯವ್ವಾ, ಆಕಿ ಡಾಕ್ಟರ್ ಕೇಳಿ ಬರದಾಳ. ಆಕಿ ಹೇಳಿದಂಗ ಮಾಡಿದ್ರ ನಿನಗೇನು ಕಡಿಮಿ ಆಗತೈತಿ?"

"ನಿನ್ನ ನಾ ಹೆಂಗ ಮಲಗಸ್ತಿದ್ದೆ?"

"ಆಗ ಏಸಿ ಇರಲಿಲ್ಲ."

"ಅದಕ್ಕ ಬದುಕಿದಿ. ಇನ್ನೊಂದು ರೊಟ್ಟಿ ಹಾಕ್ಕೋ."

ಅವನು ಹಾಕಿಕೊಂಡು ಉಂಡು ಎದ್ದ. ಕಾರ್ಖಾನೆಯಲ್ಲಿ ಮೇಲಿನವರ ಮಾತು, ಮನೆಯಲ್ಲಿ ಇಬ್ಬರು ಹೆಂಗಸರ ಮಾತು. ಎರಡು ಕಡೆಯೂ ತಲೆ ಆಡಿಸುವುದನ್ನು ಅವನು ಚೆನ್ನಾಗಿ ಕಲಿತಿದ್ದ.

ದುರ್ಗಕ್ಕ ಜಗಳ ಬಿಟ್ಟಳು, ತನ್ನ ದಾರಿ ಬಿಡಲಿಲ್ಲ. ಪಲ್ಲವಿ ಇರುವಷ್ಟು ಹೊತ್ತು ಕಾಗದದ ಸರ್ಕಾರ ನಡೆಯುತ್ತಿತ್ತು. ಅವಳ ಸ್ಕೂಟಿ ಓಣಿ ದಾಟಿದ ಮೇಲೆ ಟ್ರಂಕಿನಿಂದ ಕುಂಚಿಗೆ ಹೊರಗೆ ಬರುತ್ತಿತ್ತು. ಸಂಜೆ ಮೂರೂವರೆಗೆ ಎಲ್ಲ ಬಿಚ್ಚಿ, ಮೈ ಒರೆಸಿ, ಹತ್ತಿ ಅಂಗಿ ತೊಡಿಸಿ ಮಲಗಿಸುತ್ತಿದ್ದಳು. ಪಲ್ಲವಿ ಬಂದು ಕುತ್ತಿಗೆ ಮುಟ್ಟಿ ಸಮಾಧಾನಪಡುತ್ತಿದ್ದಳು. ದುರ್ಗಕ್ಕನಿಗೆ ಇದು ಮೋಸ ಅನ್ನಿಸಲಿಲ್ಲ. ತಿಳಿಯದವರ ಕಣ್ಣು ತಪ್ಪಿಸಿ ಕೂಸನ್ನು ಕಾಪಾಡುವುದು ದೊಡ್ಡವರ ಕೆಲಸ ಎಂದೇ ಅವಳು ನಂಬಿದ್ದಳು.

*

ಏಪ್ರಿಲ್ ಕೊನೆಯ ವಾರ ಬಿಸಿಲು ಏರಿತ್ತು. ಅವತ್ತು ಪ್ರವೀಣನಿಗೆ ಹಗಲು ಪಾಳಿ. ಹನುಮಣ್ಣ ಬುಕ್ಕಸಾಗರದ ತಂಗಿಯ ಮನೆಗೆ ಹೋಗಿದ್ದ. ದುರ್ಗಕ್ಕ ಕೂಸಿಗೆ ಎರೆದು, ಹಾಲು ಕುಡಿಸಿ, ಎಂದಿನಂತೆ ಎಲ್ಲ ಹಾಕಿ ಏಸಿ ಕೋಣೆಯಲ್ಲಿ ಮಲಗಿಸಿದಳು. ಮೇಲೆ ಒಂದು ಶಾಲು ಹೊದಿಸಿದಳು.

ಹನ್ನೆರಡೂವರೆಗೆ ಕರೆಂಟು ಹೋಯಿತು. ಬಾಗಿಲು ತೆಗೆದರೆ ಒಳಗಿನ ತಂಪು ಹೊರಗೆ ಹೋಗುತ್ತದೆ, ಮುಚ್ಚಿರಬೇಕೆಂದು ಕಾಗದವೇ ಹೇಳಿದೆ. ದುರ್ಗಕ್ಕ ಬಾಗಿಲು ಮುಚ್ಚಿ ಅಡುಗೆಮನೆಗೆ ಬಂದು ಚಟ್ನಿಗೆ ಶೇಂಗಾ ಹುರಿಯಲು ಕುಳಿತಳು. ನಡುವೆ ಎರಡು ಸಲ ಹೋಗಿ ನೋಡಿದಳು. ಒಲೆಯ ಮುಂದಿನಿಂದ ಎದ್ದು ಬಂದವಳಿಗೆ ಕೋಣೆ ಇನ್ನೂ ತಂಪಾಗಿದೆ ಅನ್ನಿಸಿತು. ಎರಡು ಸಲವೂ ಕುಂಚಿಗೆಯೊಳಗೆ ಬೆರಳು ತೂರಿಸಿ ಕುತ್ತಿಗೆ ಮುಟ್ಟಿದಳು. ಬಿಸಿ ಅನ್ನಿಸಲಿಲ್ಲ, ಒದ್ದೆ ಅನ್ನಿಸಲಿಲ್ಲ. ಆಮೇಲೆ ಪಡಸಾಲೆಯಲ್ಲಿ ಸೆರಗು ಹಾಸಿ ಸ್ವಲ್ಪ ಅಡ್ಡಾದಳು. ಬೆಳಗಿನಿಂದ ದುಡಿದ ಮೈ, ಜೊಂಪು ಹತ್ತಿತು.

ಲ್ಯಾಬಿನಲ್ಲೂ ಕರೆಂಟು ಇಲ್ಲದ್ದಕ್ಕೆ ಪಲ್ಲವಿ ಎರಡೂವರೆಗೇ ಮನೆಗೆ ಬಂದಳು. ಕೋಣೆಯ ಬಾಗಿಲು ತೆಗೆದಾಗ ಮುಖಕ್ಕೆ ಉಗಿ ಹೊಡೆದಂತಾಯಿತು. ಕೂಸಿನ ಮುಖ ಕೆಂಡವಾಗಿತ್ತು, ತುಟಿ ಒಣಗಿತ್ತು. ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ. ಅಳುವ ಶಕ್ತಿಯೂ ಉಳಿದಿರಲಿಲ್ಲ. ಪಲ್ಲವಿ ಕುಂಚಿಗೆಯ ದಾರ ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಹರಿದಳು.

"ಏನಾತು, ಏನಾತವ್ವ?" ಎಂದು ದುರ್ಗಕ್ಕ ಎದ್ದು ಓಡಿಬಂದಳು. ಪಲ್ಲವಿ ಕೂಸನ್ನು ಬರಿಮೈಯಲ್ಲಿ ಎದೆಗವಚಿಕೊಂಡು ಆಟೋಗೆ ಓಡಿದಳು.

ಕೂಸು ಉಳಿಯಿತು. ಎರಡು ದಿನ ಆ ಎಳೆಯ ಕೈಗೆ ಸೂಜಿ ಚುಚ್ಚಿ ಸಲೈನು ಹಾಕಿದರು. ದುರ್ಗಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಎರಡು ದಿನವೂ ಕುಳಿತಿದ್ದಳು. ಪ್ರವೀಣ ಒಮ್ಮೆ ಚಹಾ ತಂದುಕೊಟ್ಟ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಹೋಗಲು ಅವಳಿಗೂ ಮುಖ ಇರಲಿಲ್ಲ.

ಮನೆಗೆ ಬಂದ ದಿನ ಹನುಮಣ್ಣನೇ ಅನ್ನ ಸಾರು ಮಾಡಿದ. ತಟ್ಟೆಯ ಮುಂದೆ ಕುಳಿತು ಯಾರೂ ಉಣ್ಣಲಿಲ್ಲ.

"ದಿನಾ ಹಾಕ್ತಿದ್ರೇನ್ರಿ ಅಷ್ಟೂ ಅರಿವಿ?" ಎಂದು ಪಲ್ಲವಿ ಕೇಳಿದಳು. ದನಿ ಏರಿಸಲಿಲ್ಲ.

"ದಿನಾ."

"ನಾ ಬರೋದ್ರಾಗ ಬಿಚ್ಚತಿದ್ರಿ."

ದುರ್ಗಕ್ಕ ತಲೆ ತಗ್ಗಿಸಿದಳು.

"ಯವ್ವಾ, ಕರೆಂಟು ಹೋದ ಮ್ಯಾಲರ ಮುಟ್ಟಿ ನೋಡಬೇಕಾ ಬ್ಯಾಡಾ?" ಎಂದ ಪ್ರವೀಣ.

"ಎರಡು ಸಲ ನೋಡೀನಪ್ಪ. ಬಿಸಿ ಇರಲಿಲ್ಲ. ಬೆವರೂ ಇರಲಿಲ್ಲ."

ಪಲ್ಲವಿ ತಟ್ಟೆ ಸರಿಸಿದಳು. "ಆ ಅರಿವಿ ಹಿಂಡಿದ್ರ ನೀರು ಬೀಳತಿತ್ತು. ಕೂಸಿನ ಮೈ ಮುಟ್ಟಿ ನರ್ಸ್ ಗಾಬರಿ ಆದ್ಲು. ನೀವು ನೋಡಿದ್ರ ಬಿಸಿ ಇರಲಿಲ್ಲ ಅಂತೀರಿ. ಅತ್ತಿ, ನೀವು ಕದ್ದು ಅರಿವಿ ಹಾಕಿದ್ದು ಪ್ರೀತಿಗೆ ಅಂತ ತಿಳ್ಕೊಂತೀನಿ. ಮುಟ್ಟಲಿಲ್ಲ, ನಿದ್ದಿ ಹತ್ತಿತ್ತು ಅಂದ್ರ ಅದನ್ನೂ ತಡ್ಕೊಂತೀನಿ. ಮುಟ್ಟಿ ನೋಡೀನಿ ಅಂತ ಸುಳ್ಳು ಹೇಳತೀರಲ್ಲ, ಅದನ್ನ ಮಾತ್ರ ತಡ್ಕೊಳಾಕ ಆಗಂಗಿಲ್ಲ."

"ಮುಟ್ಟೀನವ್ವ. ನನ್ನ ಮಗನ ಆಣಿಗೂ ಮುಟ್ಟೀನಿ."

"ನನ್ನ ಮ್ಯಾಲ ಆಣಿ ಹಾಕಬ್ಯಾಡ ಯವ್ವಾ," ಎಂದು ಪ್ರವೀಣ ಎದ್ದು ಕೈ ತೊಳೆದುಕೊಂಡ. ಮಗನೂ ನಂಬಲಿಲ್ಲ ಎಂಬುದು ದುರ್ಗಕ್ಕನಿಗೆ ಆಗ ತಿಳಿಯಿತು.

ಪಲ್ಲವಿಯ ತವರು ಕಂಪ್ಲಿ ತಾಲೂಕಿನ ಮೆಟ್ರಿ. ಅವಳ ಲ್ಯಾಬಿನದೇ ಒಂದು ಸಣ್ಣ ಕೇಂದ್ರ ಕಂಪ್ಲಿಯಲ್ಲಿತ್ತು. ಅಲ್ಲಿಗೆ ವರ್ಗ ಹಾಕಿಸಿಕೊಂಡು, ಕೂಸನ್ನು ತಾಯಿ ಹೊಳೆಮ್ಮನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುವುದೆಂದು ತೀರ್ಮಾನವಾಯಿತು. ವಾರದ ರಜೆಗೆ ಪ್ರವೀಣನೇ ಮೆಟ್ರಿಗೆ ಹೋಗುವುದು. ಹೊರಡುವ ದಿನ ಗೋಡೆಯ ಕಾಗದವನ್ನು ಕಿತ್ತು ಬ್ಯಾಗಿಗೆ ಹಾಕಿಕೊಂಡಳು. ಕೂಸನ್ನು ಒಮ್ಮೆ ಎತ್ತಿಕೊಡು ಎಂದು ಕೇಳಲು ದುರ್ಗಕ್ಕನಿಗೆ ಬಾಯಿ ಬರಲಿಲ್ಲ.

*

ಮೇ ತಿಂಗಳ ಮೂರನೇ ವಾರ. ಈಗ ಬೆಳಿಗ್ಗೆ ಹತ್ತು ರೊಟ್ಟಿಯ ಬದಲು ಆರು. ದುರ್ಗಕ್ಕ ರೊಟ್ಟಿ ಬೇಯಿಸುತ್ತ ಗಂಡನ ಜೊತೆ ಮಾತಾಡುತ್ತಿದ್ದಳು.

"ಪ್ರವೀಣ ಹೋದ ವಾರ ಹೋದಾಗ ಕೂಸು ಅವನ ಗುರ್ತು ಹಿಡೀತಂತೇನ್ರಿ?"

"ಹಿಡೀತಂತ. ನಕ್ಕಿತಂತ. ಲೇ, ಏನೋ ಸುಟ್ಟ ವಾಸನಿ ಬರಾಕತ್ತೈತಿ. ರೊಟ್ಟಿ ನೋಡು."

ದುರ್ಗಕ್ಕ ನೋಡಿದಳು. ರೊಟ್ಟಿ ಸರಿಯಾಗಿತ್ತು. ಅವಳ ಎಡಗೈಯ ಕಿರುಬೆರಳು ಹೆಂಚಿನ ಅಂಚಿಗೆ ಒರಗಿಕೊಂಡಿತ್ತು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಚರ್ಮ ಬೆಳ್ಳಗೆ ಬೆಂದು ಎದ್ದಿತ್ತು.

ಹನುಮಣ್ಣ ಕೈ ಹಿಡಿದು ನೋಡಿದ. "ಅಲ್ಲಲೇ, ಉರಿ ಆಗಲಿಲ್ಲೇನು?"

"ರೊಟ್ಟಿ ಬಡಿಯೋ ಕೈ ಅಲ್ರಿ," ಎಂದು ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆದರೆ ರೊಟ್ಟಿ ಬಡಿಯುವ ಕೈಗೆ ಬಿಸಿ ಕಡಿಮೆ ತಾಗುತ್ತದೆಯೇ ಹೊರತು ಬೆಂದದ್ದೇ ತಿಳಿಯದೆ ಹೋಗುವುದಿಲ್ಲ. ಮೂವತ್ತು ವರ್ಷ ಬಡಿದವಳಿಗೆ ಅದು ಗೊತ್ತಿತ್ತು.

ಮಧ್ಯಾಹ್ನ ಹಿತ್ತಲಲ್ಲಿ ಪ್ರವೀಣನ ಎರಡು ಸಮವಸ್ತ್ರದ ಅಂಗಿ ಒಣಗಿದ್ದವು. ದುರ್ಗಕ್ಕ ಒಂದನ್ನು ಬಿಟ್ಟು ಇನ್ನೊಂದನ್ನು ನೀರಲ್ಲಿ ಅದ್ದಿ ಹಿಂಡಿ, ಎರಡನ್ನೂ ತಂತಿಯ ಮೇಲೆ ಹಾಕಿದಳು. ಕಣ್ಣು ಮುಚ್ಚಿಕೊಂಡು ಎರಡು ಮೂರು ಸುತ್ತು ಆಚೆ ಈಚೆ ಓಡಾಡಿದಳು. ಆಮೇಲೆ ಕೈ ಚಾಚಿ ಬೆರಳ ತುದಿಯಿಂದ ಒಂದಾದ ಮೇಲೆ ಒಂದು ಅಂಗಿ ಮುಟ್ಟಿದಳು. ಯಾವುದು ಒದ್ದೆ, ಯಾವುದು ಒಣ ಎಂದು ಅವಳಿಗೆ ಹೇಳಲಾಗಲಿಲ್ಲ. ಮತ್ತೆ ಮುಟ್ಟಿದಳು. ಕಣ್ಣು ಬಿಟ್ಟಾಗ ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಸುಳ್ಳು ಹೇಳಿರಲಿಲ್ಲ ಎಂಬುದು ಖರೆಯಾಯಿತು. ಆದರೆ ಆ ಸಮಾಧಾನ ಒಂದು ಗಳಿಗೆಯೂ ನಿಲ್ಲಲಿಲ್ಲ. ಎಂದಿನಿಂದ ಹೀಗಾಗಿದೆ? ದೀಪಾವಳಿಯಲ್ಲಿ ಇದೇ ಓಣಿಯ ನಾಗೇಂದ್ರಪ್ಪನ ಮೊಮ್ಮಗನಿಗೆ ಎರೆದ ಮೇಲೆ ಬೆನ್ನು ಕೆಂಪಾಗಿ ಕೂಸು ಎರಡು ದಿನ ಅತ್ತಿತ್ತು. ಸೆಕೆಗುಳ್ಳೆ ಎಂದು ತಾನೇ ಹೇಳಿ ಬಂದಿದ್ದಳು. ಸುಡುನೀರಿನಲ್ಲಿ ಕೈಯಾಡಿಸಿ ಹದ ನೋಡುವ ಕೈ ಇದು. ದುರ್ಗಕ್ಕನಿಗೆ ತನ್ನ ಕೈ ಕಂಡೇ ಅಂಜಿಕೆಯಾಯಿತು.

ಹೇಳಿದರೆ ಹೆಸರು ಹೋಗುತ್ತದೆ, ಮುಂದೆ ಯಾರೂ ಕೂಸು ಕೊಡುವುದಿಲ್ಲ. ಹೇಳದಿದ್ದರೆ ಸೊಸೆಯ ಕಣ್ಣಲ್ಲಿ ಸಾಯುವವರೆಗೂ ಸುಳ್ಳಿ. ಅವಳು ನಾಲ್ಕು ದಿನ ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಐದನೇ ದಿನ ಎದುರು ಮನೆಯ ಯಮನಮ್ಮ ಬಂದಳು. ಅವಳ ಮಗಳು ಹೆತ್ತು ಮನೆಗೆ ಬಂದಿದ್ದಳು.

"ದುರ್ಗಕ್ಕ, ಬಾ ಯವ್ವಾ. ನನ್ನ ಮಗಳಿಗೂ ನೀನ ಎರದಿದ್ದಿ, ಮೊಮ್ಮಗನಿಗೂ ನೀನ ಮೊದಲ ನೀರು ಹಾಕು."

ದುರ್ಗಕ್ಕ ಇಲ್ಲ ಅನ್ನಲಾಗದೆ ಹೋದಳು. ಬಚ್ಚಲಲ್ಲಿ ಹಂಡೆಯ ನೀರು ಕುದಿದು ಹೊಗೆಯಾಡುತ್ತಿತ್ತು. ಅವಳು ಮಣೆಯ ಮೇಲೆ ಕುಳಿತು ಕಾಲು ಚಾಚಿದಳು. ಹತ್ತು ದಿನದ ಕೂಸನ್ನು ಕಾಲ ಮೇಲೆ ಮಲಗಿಸಿದರು. ಬಾಣಂತಿ, ಯಮನಮ್ಮ, ನೆರೆಮನೆಯ ಇಬ್ಬರು ಸುತ್ತ ನಿಂತಿದ್ದರು. ದುರ್ಗಕ್ಕ ಬಕೇಟಿನಲ್ಲಿ ಬಿಸಿ ನೀರಿಗೆ ತಣ್ಣೀರು ಬೆರೆಸಿ ಕೈ ಇಳಿಸಿದಳು. ಕೈ ಏನೂ ಹೇಳಲಿಲ್ಲ. ಇನ್ನೊಂದು ಚೊಂಬು ತಣ್ಣೀರು ಹಾಕಿ ಮತ್ತೆ ಇಳಿಸಿದಳು. ಈಗಲೂ ಏನೂ ಇಲ್ಲ. ಕಾಲ ಮೇಲೆ ಕೂಸು ಬಾಯಿ ತೆರೆದು ಆಕಳಿಸಿತು.

"ಯಾಕಕ್ಕ, ಹಾಕು," ಎಂದಳು ಯಮನಮ್ಮ.

ದುರ್ಗಕ್ಕ ತುಂಬಿದ ಚೊಂಬನ್ನು ಕೆಳಗಿಟ್ಟಳು. "ಯಮನವ್ವ, ಕೂಸಿನ್ನ ತಗೋ. ನೀರು ಎಷ್ಟು ಸುಡತಾವ ಅಂತ ನನ್ನ ಕೈಗೆ ತಿಳೀವಲ್ದು."

"ಏನಂತಿ? ಚಾಷ್ಟಿ ಮಾಡ್ತೀಯೇನು?"

"ಚಾಷ್ಟಿ ಅಲ್ಲ. ಕೈ ಸತ್ತಾವ."

ಯಾರೂ ಒಂದು ಕೆಟ್ಟ ಮಾತು ಅನ್ನಲಿಲ್ಲ. ಯಮನಮ್ಮ ಕೈ ಹಿಡಿದು ಎಬ್ಬಿಸಿದಳು, ಚಹಾ ಕುಡಿಸಿದಳು, ಕಣ್ಣಲ್ಲಿ ನೀರು ತಂದಳು. ಮರುದಿನ ಬೆಳಿಗ್ಗೆ ಬೇರೆ ಓಣಿಯಿಂದ ಇನ್ನೊಬ್ಬ ಹೆಂಗಸು ಎರೆಯಲು ಬಂದಳು. ದುರ್ಗಕ್ಕ ಕಿಟಕಿಯಿಂದ ನೋಡಿ, ನೋಡದವಳ ಹಾಗೆ ಅಕ್ಕಿ ಆರಿಸುತ್ತ ಕುಳಿತಳು. ಸಂಜೆಯೊಳಗೆ ಚಿತ್ತವಾಡ್ಗಿಗೆಲ್ಲ ವಿಷಯ ಗೊತ್ತಾಗಿತ್ತು.

ಹನುಮಣ್ಣ ಮಾತ್ರ ಅವತ್ತು ಒಂದು ತಮಾಷೆಯನ್ನೂ ಆಡಲಿಲ್ಲ. "ದವಾಖಾನಿಗೆ ನಡಿ. ನಾ ಕರ್ಕೊಂಡು ಹೋಗ್ತೀನಿ."

"ಮೊದಲ ಪಲ್ಲವಿಗೆ ತೋರಿಸ್ತೀನಿ," ಎಂದಳು ದುರ್ಗಕ್ಕ. "ಒಬ್ಬಾಕಿನ ಹೋಗ್ತೀನಿ."

*

ಕಂಪ್ಲಿಯ ಲ್ಯಾಬು ಒಂದೇ ಕೋಣೆ. ಮುಂದೆ ಬೆಂಚು, ಒಳಗೆ ಒಂದು ಕುರ್ಚಿ, ಒಂದು ಮೇಜು. ದುರ್ಗಕ್ಕ ಇಬ್ಬರ ಹಿಂದೆ ಕುಳಿತು ತನ್ನ ಸರದಿ ಬಂದಾಗ ಎದ್ದು ಹೋದಳು.

"ಹೆಸರು ಹೇಳ್ರಿ," ಎಂದಳು ಪಲ್ಲವಿ, ಬರೆಯುತ್ತ.

"ದುರ್ಗಮ್ಮ, ಗಂಡ ಹನುಮಣ್ಣ."

ಪಲ್ಲವಿ ತಲೆ ಎತ್ತಿದಳು. "ಅತ್ತಿ? ಏನಾತ್ರಿ? ಮಾವ ಆರಾಮ ಅದಾರಲ್ಲ?"

"ಎಲ್ಲಾರೂ ಆರಾಮ ಅದೀವಿ. ನನ್ನ ರಕ್ತ ನೋಡವ್ವ. ಸಕ್ಕರಿ ಬ್ಯಾನಿ ಇರಬೇಕು ಅಂತಾರ ಓಣ್ಯಾಗ." ಕುರ್ಚಿಯಲ್ಲಿ ಕುಳಿತು ಕೈ ಮುಂದೆ ಚಾಚಿದಳು. ಸೂಜಿ ಎಂದರೆ ಅವಳಿಗೆ ಮೊದಲಿನಿಂದಲೂ ಅಂಜಿಕೆ, ಮುಖ ಆಚೆ ತಿರುಗಿಸಿದಳು.

ಪಲ್ಲವಿ ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿದಳು. ಸ್ವಲ್ಪ ಹೊತ್ತಾಯಿತು.

"ಚುಚ್ಚವ್ವ. ಯಾಕ ತಡಾ ಮಾಡ್ತಿ?"

ದುರ್ಗಕ್ಕ ತಿರುಗಿ ನೋಡಿದಳು. ಅವಳ ಬೆರಳ ತುದಿಯಲ್ಲಿ ರಕ್ತದ ಹನಿ ದೊಡ್ಡದಾಗಿ ನಿಂತಿತ್ತು. ಪಲ್ಲವಿ ಸೂಜಿ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು.

"ಆವಾಗಲೇ ಚುಚ್ಚೀನ್ರಿ," ಎಂದಳು.

"ಹೌದಾ?" ಎಂದಳು ದುರ್ಗಕ್ಕ. "ಅದಕ್ಕ ಬಂದೆ."

ಯಂತ್ರ ಮುನ್ನೂರ ಹನ್ನೆರಡು ತೋರಿಸಿತು. ಪಲ್ಲವಿ ಸುಟ್ಟ ಕಿರುಬೆರಳನ್ನು ನೋಡಿದಳು, ಅಂಗೈ ತಿರುವಿ ನೋಡಿದಳು. ವರ್ಷಗಟ್ಟಲೆ ಏರಿದ ಸಕ್ಕರೆ ಕೈಯ ನರಗಳನ್ನು ತಿಂದಿತ್ತು. ದಿನಕ್ಕೆ ಮೂವತ್ತು ಜನರ ಸಕ್ಕರೆ ಅಳೆಯುವವಳು ಒಂದೇ ಸೂರಿನ ಕೆಳಗಿದ್ದ ಅತ್ತೆಯ ಬೆರಳನ್ನು ಒಂದು ದಿನವೂ ಹಿಡಿದು ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

"ಅವತ್ತು ನೀವು ಮುಟ್ಟಿದ್ದು ಖರೇನ," ಎಂದಳು.

"ಖರೆ. ತಿಳೀಲಿಲ್ಲ ಅಷ್ಟ. ಅರಿವಿ ಕದ್ದು ಹಾಕಿದ್ದು ನನ್ನ ತಪ್ಪು. ಅದಕ್ಕ ಏನರ ಅನ್ನು, ಅನಿಸ್ಕೊಂತೀನಿ."

ಪಲ್ಲವಿಯ ಕಣ್ಣು ತುಂಬಿತು. ಕೈಗವಸು ಹಾಕಿದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. "ತಪ್ಪಾತ್ರಿ ಅತ್ತಿ. ಸುಳ್ಳು ಅಂದುಬಿಟ್ಟೆ. ಈ ಐತವಾರ ಕೂಸಿನ್ನ ಕರ್ಕೊಂಡು ಹೊಸಪ್ಯಾಟಿಗೆ ಬರ್ತೀನ್ರಿ. ಮೊದಲಿನಂಗ ನಿಮ್ಮ ಹತ್ರನ ಇರಲಿ. ಔಷಧ ಸುರು ಮಾಡೂಣು."

ಕೂಸು ಎಂಬ ಮಾತಿಗೆ ದುರ್ಗಕ್ಕನ ಮುಖ ಅರಳಿತು. ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಕೇಳಿದಳು.

"ಔಷಧ ತಗೊಂಡ್ರ ಕೈ ಮೊದಲಿನಂಗ ಆಗತಾವೇನು?"

"ಇದಕ್ಕಿಂತ ಹೆಚ್ಚು ಆಗದಂಗ ನೋಡ್ಕೋಬೌದ್ರಿ."

"ಹೋದದ್ದು?"

ಪಲ್ಲವಿಗೆ ಉತ್ತರ ಗೊತ್ತಿತ್ತು. ಹತ್ತಿಯ ಉಂಡೆಯನ್ನು ಅತ್ತೆಯ ಬೆರಳಿಗೆ ಒತ್ತಿ ಹಿಡಿದಳು.

"ಹಂಗಾದ್ರ ಬ್ಯಾಡವ್ವ. ಕೂಸು ಮೆಟ್ರ್ಯಾಗ ಇರಲಿ. ನಿಮ್ಮವ್ವನ ಕೈ ನೆಟ್ಟಗದಾವ."

"ಅತ್ತಿ, ನಾ ಈಗ ನಿಮ್ಮನ್ನ ನಂಬ್ತೀನ್ರಿ."

"ನನಗ ನಂಬಿಕಿ ಇಲ್ಲಲ್ಲ."

ಹೊರಗೆ ಬೆಂಚಿನಲ್ಲಿ ಯಾರೋ ಎಷ್ಟು ಹೊತ್ತು ಎಂದು ಕೇಳಿದರು. ದುರ್ಗಕ್ಕ ಅವರಿಗೆ ಜಾಗ ಬಿಡಲು ಎದ್ದು ನಿಂತಳು. ಮೆಟ್ರಿ ಅಲ್ಲಿಂದ ದೂರವಿರಲಿಲ್ಲ. ಹೋಗಿ ಕೂಸನ್ನು ನೋಡಿ ಬರಬಹುದಿತ್ತು. ಎತ್ತಿಕೊಂಡರೆ ಇಳಿಸಲು ಮನಸ್ಸಾಗುವುದಿಲ್ಲ ಎಂದುಕೊಂಡು ಹೊಸಪೇಟೆಯ ಬಸ್ಸಿಗೇ ಹೋಗುವುದೆಂದು ನಿಶ್ಚಯಿಸಿದಳು. ಬಾಗಿಲಲ್ಲಿ ನಿಂತು ಸೊಸೆಯ ಕಡೆ ತಿರುಗಿದಳು.

"ನಾ ಹೇಳಿದ್ದು ಸುಳ್ಳ ಆಗಿದ್ರ ಚಲೋ ಇತ್ತು ಪಲ್ಲವಿ. ಇನ್ನ ಸುಳ್ಳು ಹೇಳಂಗಿಲ್ಲ ಅಂತ ನಿನ್ನ ಮುಂದ ಆಣಿ ಮಾಡಿ, ಕೂಸಿನ್ನ ಕರ್ಕೊಂಡು ಹೋಗ್ತಿದ್ದೆ."